ಉಜ್ಜಿನಪ್ಪನ ಕಾರು ತೆಪ್ಪಗಾದದ್ದು

ಕೊಟ್ಟೂರಿನ ಶೇಂಗಾ ವ್ಯಾಪಾರಿ ಉಜ್ಜಿನಪ್ಪನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಚಹಾದಲ್ಲಿ ಸಕ್ಕರೆ ಕಡಿಮೆಯಾದರೂ ಬರುತ್ತಿತ್ತು, ಹೆಚ್ಚಾದರೂ ಬರುತ್ತಿತ್ತು. ಆದರೆ ಈ ಸಲದ್ದು ಅಂಥ ಚಿಲ್ಲರೆ ಸಿಟ್ಟಲ್ಲ. ಹರಪನಹಳ್ಳಿಯ ಬೀಗರ ಮನೆಯಲ್ಲಿ ಮಗಳು ನಾಗಲಿಂಗಮ್ಮನ ಏಳನೇ ತಿಂಗಳ ಕುಬುಸದ ದಿನ, ಊಟದ ಪಂಕ್ತಿಯಲ್ಲಿ ತುಪ್ಪ ಬಡಿಸುತ್ತಾ ಬೀಗತಿ ನೀಲಗಂಗಮ್ಮ ಆಡಿದ ಒಂದು ಮಾತಿಗೆ ಬಂದ ಸಿಟ್ಟು.

“ಚೊಚ್ಚಲ ಬಾಣಂತನಕ್ಕ ಮಗಳನ್ನ ಕರಕೊಂಡು ಹೋಗ್ರಿ ಬೀಗರ, ಬ್ಯಾಡ ಅನ್ನಾಕ ನಾವ್ಯಾರು. ಆದ್ರ ಆ ನಿಮ್ಮ ಕಾರು ಮಾತ್ರ ತರಬ್ಯಾಡ್ರಿ. ಅದರ ಸಪ್ಪಳಕ್ಕ ನಮ್ಮ ಎಮ್ಮಿ ಎರಡು ದಿನ ಸೊರ ಬಿಟ್ಟು ಹಾಲು ಕೊಡಂಗಿಲ್ಲ. ಇನ್ನ ಹೊಟ್ಟ್ಯಾಗಿನ ಕೂಸಿನ ಗತಿ ಏನು? ಬಸ್ಸಿನಾಗ ಕಳಸ್ತೀವಿ ಬಿಡ್ರಿ.”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಳಿಯನೂ ನಕ್ಕ. ಅದನ್ನಾದರೂ ಉಜ್ಜಿನಪ್ಪ ತಡೆದುಕೊಳ್ಳುತ್ತಿದ್ದನೇನೋ, ಅಷ್ಟರಲ್ಲಿ ಎತ್ತಿ ಆಡಿಸಿ ಬೆಳೆಸಿದ ಮಗಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಉಜ್ಜಿನಪ್ಪ ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಹಾಕಿದ. ಎಲೆ ಬಿಟ್ಟು ಎದ್ದು ನಿಂತ.

“ಅದೇ ಕಾರಿನಾಗ ಬರ್ತೀನಿ. ಅಂಗೈಯಾಗ ಇಟ್ಕೊಂಡು ಹೋದಂಗ ಕರಕೊಂಡು ಹೋಗ್ತೀನಿ. ನನ್ನ ಮಗಳೇನಾರ ಬಸ್ಸು ಹತ್ತಿದ್ಲೋ, ಆ ಕಾರನ್ನ ನಿಮ್ಮ ಎಮ್ಮೀಗೇ ಬಿಟ್ಟು ಹೋಗ್ತೀನಿ, ಅದರೊಳಗ ಕಟ್ಟಿಕೊಳ್ರಿ.”

ನೀಲಗಂಗಮ್ಮ ತುಪ್ಪದ ಚಮಚ ಕೆಳಗಿಳಿಸಲಿಲ್ಲ. ಬರುವ ಗುರುವಾರ ದಿನ ಚಲೋ ಐತಿ, ಒಂದೂವರೆಗೆ ರಾಹುಕಾಲ ಹತ್ತುತ್ತದೆ, ಅದರೊಳಗೆ ಹುಡುಗಿ ಹೊಸ್ತಿಲು ದಾಟಬೇಕು ಅಂದಳು. ಮಾರನೇ ದಿನ ಅಮಾವಾಸ್ಯೆ, ಅದು ಕಳೆದರೆ ಎಂಟನೇ ತಿಂಗಳು ಬೀಳುತ್ತದೆ, ಎಂಟರಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದೂ ಸೇರಿಸಿದಳು.

ಆ ಕಾರಿನ ವಿಷಯ ಸ್ವಲ್ಪ ಹೇಳಬೇಕು. ಎರಡೇ ಬಾಗಿಲಿನ, ಬೆನ್ನು ಇಳಿಜಾರಾದ, ಕೆಂಪು ಬಣ್ಣದ ವಿಲಾಯ್ತಿ ರೇಸು ಕಾರು ಅದು. ಹೊಸಪೇಟೆಯ ಗಣಿ ಸಾಹುಕಾರನೊಬ್ಬ ಷೋಕಿಗೆ ತರಿಸಿ, ಷೋಕಿ ತೀರಿದ ಮೇಲೆ ಮಾರಿದ್ದು. ಉಜ್ಜಿನಪ್ಪನ ಕೈಗೆ ಬಂದು ಹತ್ತು ವರ್ಷದ ಮೇಲಾಗಿತ್ತು. ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಸೊಂಟ ಬಿದ್ದ ಮುದುಕನ ಹಾಗೆ ಕುಸಿದಿದ್ದವು. ಸೈಲೆನ್ಸರ್ ತುಕ್ಕು ಹಿಡಿದು ಜರಡಿಯಾಗಿತ್ತು. ಹೆಂಡತಿ ಅನ್ನದಾನಮ್ಮ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. ಹಾರ್ನ್ ಕೆಟ್ಟು ಯಾವ ಕಾಲವಾಗಿತ್ತೋ, ಅವನು ಮಾಡಿಸಿರಲಿಲ್ಲ, ಬೇಕಾಗಿರಲೂ ಇಲ್ಲ. ಕಾರು ಹರಪನಹಳ್ಳಿಯ ಕೆರೆ ಏರಿ ಹತ್ತುತ್ತಿದ್ದಂತೆ ಸಪ್ಪಳ ಕೇಳಿ ನೀಲಗಂಗಮ್ಮ ಕಾಲಿಗೆ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಈ ಮರ್ಯಾದೆ ಉಜ್ಜಿನಪ್ಪನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಬೀಗರ ಮನೆಯ ಬಾಗಿಲನ್ನು ಅವನು ಒಂದು ದಿನವೂ ತಟ್ಟಿದವನಲ್ಲ.

ಊರಿನ ಲಾರಿ ಮೆಕ್ಯಾನಿಕ್ ಓಬಣ್ಣ, ಸೋಮವಾರ ಕಾರು ರಿಪೇರಿ ಮಾಡಿಕೊಡುತ್ತೇನೆ ಎಂದವನು ಯಾವುದೋ ಲಾರಿಯ ಗೇರುಪೆಟ್ಟಿಗೆ ತರಲು ಹುಬ್ಬಳ್ಳಿಗೆ ಹೋಗಿ ಕೂತ. ಕಾರು ಮೂರು ದಿನ ಕಲ್ಲುಗಳ ಮೇಲೆ ಕಾಲೆತ್ತಿಕೊಂಡು ಬಿದ್ದಿತ್ತು. ಗುರುವಾರ ಬೆಳಕು ಹರಿಯುವಾಗ, ರಾತ್ರಿ ಊರಿಗೆ ಮರಳಿದ್ದ ಓಬಣ್ಣ ಹಲ್ಲುಜ್ಜುತ್ತಾ ಗ್ಯಾರೇಜಿನ ಬಾಗಿಲು ತೆರೆದರೆ ಉಜ್ಜಿನಪ್ಪ ಎದುರಿಗೇ ನಿಂತಿದ್ದ. ಅವನು ಬೈದ ಬೈಗುಳಕ್ಕೆ ಓಬಣ್ಣ ಬಾಯಿ ಮುಕ್ಕಳಿಸುವುದನ್ನೂ ಬಿಟ್ಟು ಕಾರಿನಡಿ ತೂರಿಕೊಂಡ.

ಅಲ್ಲಿಗೆ ಕೆಲಸ ಸುಗಮವಾಗಿ ಆಗಬೇಕಿತ್ತು. ಆದರೆ ನಮ್ಮ ಕಡೆ ಒಬ್ಬ ಕಾರಿನಡಿ ಮಲಗಿದರೆ ಹತ್ತು ಮಂದಿ ಬಗ್ಗಿ ನೋಡದೆ ಬಿಡುತ್ತಾರೆಯೇ? ಎಲ್ಲರಿಗಿಂತ ಮುಂದೆ ಉಜ್ಜಿನಪ್ಪನ ಪಕ್ಕದ ಮನೆಯ ಬೆನಕಪ್ಪ ಬಂದ. ಜೀವಮಾನದಲ್ಲಿ ಸೈಕಲ್ ಬಿಟ್ಟು ಬೇರೆ ಹೊಡೆದವನಲ್ಲ, ಆದರೆ ವಾಹನಗಳ ವಿಷಯದಲ್ಲಿ ಅವನಿಗೆ ತಿಳಿಯದ್ದಿಲ್ಲ. ಈ ಪಟ್ಟಿಗಳು ಸತ್ತಿವೆ, ಜೀಪಿನ ಪಟ್ಟಿ ಹಾಕಬೇಕು, ಆಗ ಕಾರು ಎದೆಯೆತ್ತಿ ನಿಲ್ಲುತ್ತದೆ ಎಂದ. ಓಬಣ್ಣನ ಹತ್ತಿರ ಜೀಪಿನ ಹಳೇ ಪಟ್ಟಿಗಳು ಧೂಳು ತಿನ್ನುತ್ತಾ ಬಿದ್ದಿದ್ದವು, ಅವನಿಗೂ ಈ ಸಲಹೆ ಬಹಳ ಹಿಡಿಸಿತು.

ಪಟ್ಟಿ ಹಾಕಿ ಕಲ್ಲು ತೆಗೆದಾಗ ಕಾರು ಎದೆಯೆತ್ತಲಿಲ್ಲ, ಹಿಂಭಾಗ ಎತ್ತಿತು. ಮೂಗು ನೆಲ ಮೂಸುತ್ತಿತ್ತು. ನೋಡಲು ಬಂದ ಅನ್ನದಾನಮ್ಮ, ಬಸುರಿ ಹೆಣ್ಣು ಕೂರುವ ಗಾಡಿಯನ್ನು ಹೀಗೆ ನಂಬಲಾಗದು, ತುಂಬಿದ ತಂಬಿಗೆ ಮಜ್ಜಿಗೆ ಹಿಡಿದು ನಾನೇ ಹಿಂದೆ ಕೂರುತ್ತೇನೆ, ಊರು ಸುತ್ತಿಸಿ ಅಂದಳು. ಒಂದು ತೊಟ್ಟೂ ಚೆಲ್ಲದಿದ್ದರೆ ಮಗಳು ಕೂರಬಹುದು. ಮಾತು ಸರಿಯಾಗಿತ್ತು. ಉಜ್ಜಿನಪ್ಪ ಹೊರಟ. ಮೊದಲ ಚರಂಡಿ ದಾಟುವಾಗಲೇ ಅನ್ನದಾನಮ್ಮನ ತಲೆ ಮೇಲಿನ ತಗಡಿಗೆ ಬಡಿಯಿತು, ಮಜ್ಜಿಗೆ ಗಂಡನ ಬೆನ್ನಿಗೆ ಇಳಿಯಿತು.

ವಾಪಸು ಬಂದು ಇಳಿದವನ ಅಂಗಿಯಿಂದ ಕರಿಬೇವಿನ ಎಲೆ ಜೋತಾಡುತ್ತಿತ್ತು. “ಮಸಾಲಿ ಮಜ್ಜಿಗೇನ್ರಿ?” ಎಂದು ಬೆನಕಪ್ಪ ಕೇಳಿದ. ಉಜ್ಜಿನಪ್ಪ ಜಾಕಿಯ ಸಲಾಕೆ ಎತ್ತಿಕೊಂಡ. ಬೆನಕಪ್ಪ ಓಡಿ ಹೋಗಿ ಎದುರಿನ ಹೋಟೆಲಿನಲ್ಲಿ ಕೂತು, ಅಲ್ಲಿಂದಲೇ ಸಲಹೆ ಕೊಡತೊಡಗಿದ.

ಹೊತ್ತು ಏರುತ್ತಿತ್ತು. “ಲೇ ಓಬಣ್ಣ, ಹನ್ನೆರಡರೊಳಗ ಈ ಕಾರು ಮೆತ್ತಗಾಗಬೇಕು, ತೆಪ್ಪಗಾಗಬೇಕು. ಇಲ್ಲಾಂದ್ರ ನಿನ್ನ ಗ್ಯಾರೇಜಿಗೆ ನಾನೇ ಬೆಂಕಿ ಹಚ್ಚತೀನಿ” ಎಂದು ಉಜ್ಜಿನಪ್ಪ ಅಲ್ಲೇ ಟೈರಿನ ಮೇಲೆ ಕೂತ.

ಹೆದರಿದ ಮನುಷ್ಯ ಮಾಡುವ ಕೆಲಸವೇ ಬೇರೆ. ಓಬಣ್ಣ ಜೀಪಿನ ಪಟ್ಟಿ ಕಿತ್ತೆಸೆದ. ಹಳೆಯ ಪಟ್ಟಿಗಳನ್ನೇ ಕಾಯಿಸಿ ಬಗ್ಗಿಸಿ, ನಡುನಡುವೆ ಟೈರಿನ ರಬ್ಬರು ಕತ್ತರಿಸಿ ಇಟ್ಟು, ಗ್ರೀಸು ಬಳಿದು ಕಟ್ಟಿದ. ಅಂಬಾಸಿಡರಿನ ಶಾಕ್ ಅಬ್ಸಾರ್ಬರ್ ನಾಲ್ಕೂ ಕಡೆ ಕೂರಿಸಿದ. ಜರಡಿ ಸೈಲೆನ್ಸರ್ ಕಿತ್ತು ಅಂಬಾಸಿಡರಿನದು ಹಾಕಿದ. ಅಷ್ಟಕ್ಕೂ ಉಜ್ಜಿನಪ್ಪ ಇನ್ನೂ ಗುರುಗುಟ್ಟುತ್ತಿದ್ದುದರಿಂದ, ಅದರ ಹಿಂದೆ ಇನ್ನೊಂದು ಸೈಲೆನ್ಸರನ್ನೂ ಸೇರಿಸಿ ವೆಲ್ಡಿಂಗ್ ಮಾಡಿದ. ಹಳೆಯ ಸೈಲೆನ್ಸರನ್ನು ಬಚ್ಚಲ ಒಲೆಗೆ ಹೊಗೆಗೊಳವೆ ಮಾಡುತ್ತೇನೆಂದು ಬೆನಕಪ್ಪ ಹೊತ್ತುಕೊಂಡು ಹೋದ.

ಕಾರು ಶುರುವಾದದ್ದು ಉಜ್ಜಿನಪ್ಪನಿಗೆ ಗೊತ್ತೇ ಆಗಲಿಲ್ಲ. ಯಾಕೆ ಶುರು ಮಾಡಲಿಲ್ಲವೆಂದು ಓಬಣ್ಣನನ್ನು ಬೈಯಲು ಬಾಯಿ ತೆರೆದಾಗ, ಶುರುವಾಗಿ ಆಗಲೇ ಸ್ವಲ್ಪ ಹೊತ್ತಾಯಿತೆಂದು ಓಬಣ್ಣ ತಿಳಿಸಿದ. ಅನ್ನದಾನಮ್ಮ ಮತ್ತೆ ಮಜ್ಜಿಗೆ ತುಂಬಿಸಿಕೊಂಡು ಹಿಂದೆ ಕೂತಳು. ಅದೇ ಚರಂಡಿ, ಅದೇ ತಗ್ಗು, ಅದೇ ಬೀದಿ. ಒಂದು ತೊಟ್ಟು ಚೆಲ್ಲಲಿಲ್ಲ. ಸುತ್ತಿ ಬರುವಷ್ಟರಲ್ಲಿ ಅನ್ನದಾನಮ್ಮನಿಗೆ ತೂಕಡಿಕೆ ಹತ್ತಿತ್ತು. ಅವಳು ಇಳಿಯುತ್ತಾ, ಬೀಗತಿಯ ಬಾಯಿ ಮುಚ್ಚಿತು ಬಿಡ್ರಿ ಅಂದಳು. ಹತ್ತು ವರ್ಷದಲ್ಲಿ ಅವಳು ಆ ಕಾರಿನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು.

ಹನ್ನೆರಡಕ್ಕೆ ಸ್ವಲ್ಪ ಮೊದಲೇ ಉಜ್ಜಿನಪ್ಪ ಹೊರಟ. ಇಷ್ಟು ಹೊತ್ತಿನಲ್ಲಿ ಆರಾಮವಾಗಿ ಮುಟ್ಟಬಹುದಿತ್ತು. ಆದರೆ ಊರು ದಾಟುತ್ತಿದ್ದಂತೆ ಎಮ್ಮೆಗಳ ಹಿಂಡು ರಸ್ತೆ ತುಂಬಿಕೊಂಡು ನಡೆದಿತ್ತು. ಮೊದಲಾದರೆ ಫರ್ಲಾಂಗು ದೂರದಿಂದಲೇ ಅವು ಬಾಲ ಎತ್ತಿ ಹೊಲಕ್ಕೆ ನುಗ್ಗುತ್ತಿದ್ದವು. ಈಗ ಒಂದೂ ತಿರುಗಿ ನೋಡಲಿಲ್ಲ. ಉಜ್ಜಿನಪ್ಪ ತಲೆ ಹೊರಹಾಕಿ ಕೂಗಿದ, ಬಾಗಿಲು ಬಡಿದ, ಕೊನೆಗೆ ಇಳಿದು ಹೋಗಿ ಒಂದೊಂದನ್ನೇ ತಳ್ಳಿದ. ಮುಂದೆ ಜೋಳದ ದಂಟಿನ ಬಂಡಿ. ಬಂಡಿಯವನು ಮೇಲೆ ಮಲಗಿ ನಿದ್ದೆ ಹೊಡೆಯುತ್ತಿದ್ದ, ಎತ್ತುಗಳು ತಮಗೆ ತಿಳಿದಂತೆ ನಡೆದಿದ್ದವು. ಅದರ ಹಿಂದೆ ಅರ್ಧ ಹರದಾರಿ ದಂಟಿನ ಧೂಳು ಕುಡಿದ. ಎಮ್ಮೆ, ಎತ್ತು, ಬಂಡಿಯವನು, ಓಬಣ್ಣ, ಬೆನಕಪ್ಪ, ಎಲ್ಲರ ವಂಶಕ್ಕೂ ಪ್ರತ್ಯೇಕವಾಗಿ ಶಾಪ ಹಾಕಿದ. ಕೆಂಪು ಕಾರು ಹರಪನಹಳ್ಳಿ ಮುಟ್ಟುವಾಗ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಆದರೂ ಒಂದೂವರೆಗೆ ಇನ್ನೂ ಅರ್ಧ ತಾಸಿತ್ತು.

ಬೀಗರ ಮನೆಯ ಎದುರಿನ ಬೇವಿನ ಮರದ ನೆರಳಿಗೆ ಕಾರು ತಂದು ನಿಲ್ಲಿಸಿದ. ಮೀಸೆ ತೀಡಿಕೊಂಡು, ತಲೆಯ ಪಟಗ ಸರಿಮಾಡಿಕೊಂಡು ಕೂತ. ನೀಲಗಂಗಮ್ಮ ತಂಬಿಗೆ ಹಿಡಿದು ಬರಬೇಕು. ಬಂದು, ಸಪ್ಪಳವಿಲ್ಲದ ಕಾರು ನೋಡಿ ಬೆಪ್ಪಾಗಬೇಕು. ಆಗ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಟ್ಟುಕೊಂಡಿದ್ದ.

ನೀಲಗಂಗಮ್ಮ ಬರಲಿಲ್ಲ. ಬಿಸಿಲಿಗೆ ಬಾಗಿಲು ಮುಚ್ಚಿತ್ತು. ಒಳಗಿನಿಂದ ಹೆಂಗಸರ ಹಾಡು ಸಣ್ಣಗೆ ಕೇಳುತ್ತಿತ್ತು, ಉಡಿ ತುಂಬುತ್ತಿದ್ದರು. ಅಂದರೆ ಎಲ್ಲರೂ ಮನೆಯಲ್ಲೇ ಇದ್ದಾರೆ, ಇದ್ದೂ ಬರುತ್ತಿಲ್ಲ. ಉಜ್ಜಿನಪ್ಪನ ಕಿವಿ ಬಿಸಿಯಾಯಿತು.

ಬಂದದ್ದು ಎದುರುಮನೆಯ ಗಾಳೆಮ್ಮ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತಾನು ಒಣಹಾಕಿದ ಮೆಣಸಿನಕಾಯಿಯ ಪಕ್ಕದಲ್ಲಿ ಯಾವನೋ ಗಾಡಿ ನಿಲ್ಲಿಸಿದ್ದಾನೆಂದು ಕೋಲು ಊರಿಕೊಂಡು ಬಂದು ಕಾರಿನ ಬಾಗಿಲು ಕುಟ್ಟಿದಳು. ತಾನು ಕೊಟ್ಟೂರಿನ ಉಜ್ಜಿನಪ್ಪ, ಇವರ ಬೀಗ ಎಂದು ಅವನು ಗದರಿಸಿದ.

“ಯಾರಿಗಿ ಹೇಳ್ತಿಯಪ್ಪ? ಉಜ್ಜಿನಪ್ಪನ ಕಾರು ನನಗ ಗೊತ್ತಿಲ್ಲೇನು? ಕೆರಿ ಏರಿ ಮ್ಯಾಲ ಬಂದ್ರ ನನ್ನ ಮನಿ ಪಾತ್ರಿ ನಡುಗತಾವು” ಎಂದು ಅವಳು ನಕ್ಕು, ಗೋಡೆ ಹಿಡಿದುಕೊಂಡು ಬೀಗರ ಹಿತ್ತಲ ಕಡೆಗೆ ಹೋದಳು.

ಉಜ್ಜಿನಪ್ಪನ ಸಿಟ್ಟು ಈಗ ಹದಕ್ಕೆ ಬಂತು. ಎಲ್ಲ ಅರ್ಥವಾಯಿತು. ಇದು ಬೀಗತಿಯ ಹೂಟ. ಬೇಕೆಂದೇ ಕರೆಯದೆ ಕೂರಿಸಿ, ರಾಹುಕಾಲ ಹತ್ತಿಸಿ, ನೀವು ತಡಮಾಡಿದಿರಿ ಎನ್ನುವ ಆಟ. ಒಮ್ಮೆ ಇಳಿದು ಬಾಗಿಲ ತನಕ ಹೋದ, ಕೈ ಕೂಡ ಎತ್ತಿದ. ಹೆಣ್ಣು ಕೊಟ್ಟವನು ಮುಚ್ಚಿದ ಬಾಗಿಲು ತಟ್ಟಿ ನಿಲ್ಲುವುದೇ? ತಿರುಗಿ ಬಂದು ಕಾರಿನಲ್ಲಿ ಕೂತು ಬಾಗಿಲು ಎಳೆದುಕೊಂಡ. ಅವರೇ ಬರಲಿ. ಸಾಯುವತನಕ ಕೂತೇನು, ತಟ್ಟಲಾರೆ.

ಮನೆಗಳ ಹಿಂದಿನ ಬಸ್ ಸ್ಟ್ಯಾಂಡಿನಿಂದ ಕೊಟ್ಟೂರಿನ ಬಸ್ಸು ಗಡಗಡ ಸದ್ದು ಮಾಡುತ್ತಾ ಹೊರಟದ್ದು ಕೇಳಿಸಿತು. ಇಂಥ ಡಬ್ಬಿಯಲ್ಲಿ ನನ್ನ ಮಗಳನ್ನು ಕಳಿಸುತ್ತಿದ್ದರಲ್ಲ ಎಂದುಕೊಂಡು ಉಜ್ಜಿನಪ್ಪ ಆ ದಿನ ಮೊದಲ ಸಲ ನಕ್ಕ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ನೀಲಗಂಗಮ್ಮ ಹೊಸ್ತಿಲ ಕಸ ಗುಡಿಸಲು ಪೊರಕೆ ಹಿಡಿದು ಬಂದವಳು, ಕಾರಿನಿಂದ ಇಳಿದ ಬೀಗನನ್ನು ನೋಡಿ ಪೊರಕೆ ಕೆಳಗೆ ಹಾಕಿದಳು.

“ಅಯ್ಯ, ಯಾವಾಗ ಬಂದ್ರಿ ಬೀಗರ?”

ಉಜ್ಜಿನಪ್ಪ ಬಾಯಿಗೆ ಬಂದದ್ದೆಲ್ಲ ಅಂದ. ಅರ್ಧ ತಾಸಿನಿಂದ ನಾಯಿ ಕೂತಂತೆ ಕೂತಿದ್ದೇನೆ, ಒಂದು ತಂಬಿಗೆ ನೀರಿಗೆ ಗತಿಯಿಲ್ಲವೇ, ಹೆಣ್ಣು ಕೊಟ್ಟವರೆಂದರೆ ಇಷ್ಟು ಸದರವೇ ಎಂದ. ಓಣಿಯ ಬಾಗಿಲುಗಳೆಲ್ಲ ತೆರೆದವು. ಅವನು ಉಸಿರು ತೆಗೆದುಕೊಳ್ಳುವಾಗ ನೀಲಗಂಗಮ್ಮ ಮಾತಾಡಿದಳು.

“ನಾವು ಬೆಳಿಗ್ಗಿಂದ ಕಿವಿ ಬಾಗಿಲಿಗೇ ಇಟ್ಟಿದ್ದಿವಲ್ರಿ. ನಿಮ್ಮ ಕಾರಿನ ಸಪ್ಪಳ ಬರಲೇ ಇಲ್ಲ. ಕಡೀಕ ಗಾಳೆಮ್ಮ ಬಂದ್ಲು. ಯಾವುದಾರ ಕಾರು ಬಂತೇನಬೇ ಅಂತ ಕೇಳಿದ್ರ, ಒಂದು ನಿಂತೈತಿ, ಉಜ್ಜಿನಪ್ಪಂದಲ್ಲ, ಇದು ತೆಪ್ಪಗೈತಿ ಅಂದ್ಲು. ನಿಮ್ಮ ಕಾರು ಹಾದ್ಯಾಗ ಕೆಟ್ಟಿರಬೇಕು ಅಂದ್ಕೊಂಡು, ರಾಹುಕಾಲ ಹತ್ತತೈತಂತ ನಿಮ್ಮ ಅಳಿಯಾನ ಜೋಡಿ ಹಿತ್ತಲ ಬಾಗಿಲಿಂದ ಬಸ್ಸಿಗೆ ಕಳಿಸಿದಿವಿ.”

ಹಿತ್ತಲಲ್ಲಿ ಎಮ್ಮೆ ಒಮ್ಮೆ ಕೂಗಿತು. ಎಲ್ಲರ ಕಣ್ಣೂ ಕಾರಿನ ಮೇಲೆ ಹೋಯಿತು, ಅಲ್ಲಿಂದ ಹಿತ್ತಲ ಕಡೆಗೆ ಹೋಯಿತು. ಕುಬುಸದ ದಿನ ಪಂಕ್ತಿಯಲ್ಲಿ ಕೂತಿದ್ದವರೇ ಎಲ್ಲ. ಅವನು ಅವತ್ತು ಆಡಿದ ಮಾತನ್ನು ಯಾರೂ ಮರೆತಿರಲಿಲ್ಲ. ನೀಲಗಂಗಮ್ಮ ಒಳ್ಳೆಯ ಹೆಂಗಸು. ಬಿಡ್ರಿ ಬೀಗರ, ಮಾತಿಗೆ ಆಡಿದ್ದು, ಒಳಗ ಬರ್ರಿ, ಉಂಡು ಹೋಗ್ರಿ ಎಂದಳು. ಅವಳು ಅಷ್ಟಕ್ಕೆ ನಿಲ್ಲಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು.

“ಹಂಗ ನೋಡಿದ್ರ, ಈಗ ಸಪ್ಪಳ ಇಲ್ಲಲ್ರಿ. ನಮ್ಮ ಎಮ್ಮಿನೂ ಒಪ್ಪತಿತ್ತು.”

ಓಣಿಗೆ ಓಣಿಯೇ ನಕ್ಕಿತು. ಉಜ್ಜಿನಪ್ಪ ಕಾರಿನ ಕೀಲಿಯನ್ನು ಹೊಸ್ತಿಲ ಮೇಲೆ ಇಟ್ಟು, ಬಸ್ ಸ್ಟ್ಯಾಂಡಿನ ಕಡೆ ನಡೆದ. ಹಿಂದಿನಿಂದ ಎಷ್ಟು ಕರೆದರೂ ತಿರುಗಿ ನೋಡಲಿಲ್ಲ. ಮುಂದಿನ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಈರುಳ್ಳಿ ಚೀಲವೊಂದಕ್ಕೆ ಒರಗಿ, ಒಂಟಿಕಾಲಲ್ಲಿ ಕೊಟ್ಟೂರಿನ ತನಕ ನಿಂತುಕೊಂಡು ಬಂದ.

ಮನೆ ಮುಟ್ಟುವಾಗ ಸಂಜೆಯಾಗಿತ್ತು. ಮಗಳು ನಡುಮನೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಬಸ್ಸಿನಲ್ಲಿ ಏನೂ ತ್ರಾಸಾಗಲಿಲ್ಲ, ಕಂಡಕ್ಟರು ಮುಂದಿನ ಸೀಟು ಕೊಡಿಸಿದ ಎಂದಳು. ಆಮೇಲೆ ತಂದೆಯ ಮುಖ ನೋಡಿ, ಹತ್ತಿರ ಕರೆದು ಕೂರಿಸಿಕೊಂಡಳು.

“ಯಪ್ಪಾ, ನಿನ್ನ ಕಾರಿನ ಸಪ್ಪಳ ಕೇಳಿದ್ರ ಕೂಸು ಹೊಟ್ಟ್ಯಾಗ ಒದೀತಿತ್ತು. ಅತ್ತಿ ಮುಂದ ಹೇಳಾಕ ನಾಚಿಕಿ, ಅದಕ್ಕ ಅವತ್ತು ನಕ್ಕೆ. ಬೆಳಿಗ್ಗಿಂದ ಅದನ್ನ ಕೇಳಬೇಕಂತ ಕಾಯ್ಕೊಂಡು ಕುಂತಿದ್ನಿ. ಕಾರು ಓಣ್ಯಾಗ ಐತೇನು? ಒಂದ್ಸಲ ಶುರು ಮಾಡಪ್ಪ.”

ಉಜ್ಜಿನಪ್ಪ ಎದ್ದ. ಹೊರಗೆ ಬಂದು ಕಟ್ಟೆಯ ಮೇಲೆ ನಿಂತ. ಪಕ್ಕದ ಮನೆಯ ಬಚ್ಚಲ ಗೋಡೆಯಿಂದ ಅವನ ಸೈಲೆನ್ಸರ್ ಹೊರಗೆ ಚಾಚಿಕೊಂಡಿತ್ತು, ಜರಡಿಯಾದ ತೂತುಗಳಲ್ಲೆಲ್ಲ ಹೊಗೆ ಬರುತ್ತಿತ್ತು. ಅದರ ಕೆಳಗೆ ನಿಂತಿದ್ದ ಬೆನಕಪ್ಪ, ಕೊಳವೆ ಬಹಳ ಚಲೋ ಎಳೆಯುತ್ತದೆ, ಆದರೆ ಗಾಳಿ ಬೀಸಿದರೆ ಸ್ವಲ್ಪ ಸಪ್ಪಳ ಮಾಡುತ್ತದೆ, ಅದಕ್ಕೇನು ಮಾಡಬೇಕು ಎಂದು ಕೇಳಿದ.