ಮಾವನ ಕೋವಿಯ ಒದೆ

ನಮ್ಮ ಮಾವ ಹಾಲ್ವರ್ ಸ್ವರ್ಗ ಸೇರಿದ ಮೇಲೂ ಅಳಿಯನನ್ನು ಒದೆಯುವುದು ಬಿಟ್ಟಿಲ್ಲ ನೋಡಿ. ಕಾಲಲ್ಲಲ್ಲ, ಕೋವಿಯಲ್ಲಿ. ಅವರು ಬಿಟ್ಟುಹೋದ ಆ ಮಹಾಯುಧದ ಕುದುರೆ ಎಳೆದರೆ ಎದುರಿನ ಎಲ್ಕ್ ಜಿಂಕೆ ಸಾಯುತ್ತದೋ ಇಲ್ಲವೋ, ಹಿಂದೆ ನಿಂತ ನಾನಂತೂ ಅರ್ಧ ಸಾಯುತ್ತೇನೆ. ಹೋದ ವರ್ಷ ಒದೆಯ ಭಯಕ್ಕೆ ಕಣ್ಣು ಮುಚ್ಚಿ ಹೊಡೆದು ಮೊಂಟಾನಾದ ನಿರಪರಾಧಿ ಪೈನ್ ಮರವೊಂದನ್ನು ಗಾಯಗೊಳಿಸಿದೆ. ಚಳಿಗಾಲವಿಡೀ ನಮ್ಮ ಫ್ರೀಜರ್‌ನಲ್ಲಿ ಬರೀ ಬಟಾಣಿ.

ಈ ಸಲ ಉಪಾಯ ಹೊಳೆಯಿತು. ಕೋವಿ ರಿಪೇರಿಯ ಡೆಲ್ಮರ್ ನಳಿಗೆಯ ತುದಿಯನ್ನು ಲೇತಿಗೆ ಹಾಕಿ ತಿರುಪು ಕೊರೆದುಕೊಡುತ್ತಾನೆ. ಅಲ್ಲಿಗೆ ಬ್ರೇಕ್ ಎಂಬ ತೂತುತೂತಿನ ಕೊಳವೆಯೊಂದನ್ನು ಕೂರಿಸಿದರೆ ಹೊಗೆ ಪಕ್ಕಕ್ಕೆ ನುಗ್ಗಿ ಒದೆ ಅರ್ಧಕ್ಕರ್ಧ ಕಮ್ಮಿ. ಹೆಂಡತಿ ಮಾರ್ಲಿಸ್‌ಗೆ ಈ ಶುಭಸಮಾಚಾರ ಹೇಳಿದೆ.

"ಅಪ್ಪನ ಕೋವಿ ಕೊರೆಸ್ತೀರಾ? ಕೊರೆದ ಮೇಲೆ ವಾಪಸ್ ಅಂಟಿಸೋಕಾಗತ್ತೇನ್ರೀ?"

"ನನ್ನ ಭುಜ ಕಳಚಿಬಿದ್ರೆ ಅಂಟಿಸೋಕಾಗತ್ತೇನೇ?"

"ಬ್ರೇಕ್ ಹಾಕಿದ್ರೆ ಸದ್ದು ಇನ್ನೂ ಜೋರಂತೆ. ಈಗಲೇ ನಾನು ಹೇಳಿದ್ದು ನಿಮಗೆ ಅರ್ಧ ಕೇಳಿಸಲ್ಲ."

(ಉಳಿದರ್ಧವೂ ಕೇಳಿಸದಿದ್ದರೆ ಎಂಬ ಆಸೆ ಮಿಂಚಿಹೋದದ್ದು ಸುಳ್ಳಲ್ಲ.)

"ಅಪ್ಪ ಸಾಯೋ ತನಕ ಇದರಲ್ಲೇ ಹೊಡೆದ್ರು. ಒಂದು ದಿನ ಅಯ್ಯೋ ಅಂದವರಲ್ಲ," ಎಂದು ಮಾರ್ಲಿಸ್ ಕಣ್ಣೊರೆಸಿಕೊಂಡಳು. ಕಣ್ಣೀರಿನ ಮುಂದೆ ಯಾವ ಗಂಡಸು ನಿಂತಿದ್ದಾನೆ? ಕೊನೆಗೆ ಒಪ್ಪಂದವಾಯಿತು: ಇದೊಂದು ಬೇಟೆ ಹಳೇ ನಳಿಗೆಯಲ್ಲೇ. ಭುಜ ತಡೆಯದಿದ್ದರೆ ಸೋಮವಾರ ಕೋವಿ ಡೆಲ್ಮರ್ ಪಾಲು.

ಅದೇ ವಾರ ಓವನ್ನಿಂದ ಹಕಲ್‌ಬೆರಿ ಹಣ್ಣಿನ ಪೈ ತೆಗೆಯುವಾಗ ಅವಳು ಬೆರಳು ಸುಟ್ಟುಕೊಂಡಳು. ಹುಂಜದ ಚಿತ್ರವಿದ್ದ ದಪ್ಪ ಕೈಗವಸು ನಾಪತ್ತೆ. ಒಂದು ಸಾಮಾನು ಇಟ್ಟಲ್ಲಿ ಇರಲ್ಲ ನಿನ್ನ ಸಂಸಾರದಲ್ಲಿ ಎಂದು ನಾನು ಧರ್ಮೋಪದೇಶ ಮಾಡಿದೆ. ಸುಮ್ಮನೆ ಕೇಳಿಸಿಕೊಂಡಳು. (ಅವಳು ಸುಮ್ಮನಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು.)

ಶನಿವಾರ ಮೊದಲ ಹಿಮ ಬಿದ್ದಿತ್ತು. ಎಲ್ಕ್ ಸಿಕ್ಕಿತು. ದೇವರ ಮೇಲೆ ಭಾರ ಹಾಕಿ ಹೊಡೆದೆ. ಆಶ್ಚರ್ಯ! ಮಾವ ಒದೆಯಲಿಲ್ಲ, ಪ್ರೀತಿಯಿಂದ ತಟ್ಟಿದಂತಾಯಿತು ಅಷ್ಟೆ.

ಎಲ್ಕನ್ನು ಶೆಡ್ಡಿನಲ್ಲಿ ನೇತುಹಾಕಲು ಡೆಲ್ಮರ್ ಬಂದ. ನೋಡಲು ಅತ್ತೆಯೂ ಬಂದರು. ನಾನು ಎದೆಯುಬ್ಬಿಸಿ, "ಬ್ರೇಕೂ ಬೇಡ, ಗೀಕೂ ಬೇಡ ಕಣಯ್ಯಾ. ಇದು ಉಕ್ಕಿನ ಭುಜ!" ಎಂದು ಹಗ್ಗ ಜಗ್ಗಿದೆ.

ಪರ್ರ್ ಎಂದು ಕೋಟಿನ ಹೊಲಿಗೆ ಬಿಚ್ಚಿತು. ಉಕ್ಕಿನ ಭುಜದೊಳಗಿಂದ ಕೆಂಪು ಹುಂಜ ಇಣುಕಿತು.

"ಉಕ್ಕಿಗೆ ಜುಟ್ಟು ಬಂದಿದೆಯಲ್ಲೋ ಲಾಯ್ಡ್!" ಎಂದು ಡೆಲ್ಮರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾರ್ಲಿಸ್ ಸುಟ್ಟ ಬೆರಳನ್ನು ಏಪ್ರನ್ನಿನಲ್ಲಿ ಮುಚ್ಚಿಕೊಂಡಳು.

ಅತ್ತೆ ಹತ್ತಿರ ಬಂದು ನೋಡಿ, "ನಿಂಗೆ ಹುಂಜನಾ? ನಿಮ್ಮ ಮಾವಂದು ಸೂರ್ಯಕಾಂತಿ," ಎಂದರು.

"ಅವರ ಕೋಟಿಗೂ ಹೊಲಿದಿದ್ರಾ?"

"ಪ್ರತಿ ವರ್ಷ. ಪಾಪ, ಕೊನೇವರೆಗೂ ಅವರಿಗೆ ಗೊತ್ತಾಗ್ಲಿಲ್ಲ. ಮೊನ್ನೆ ಈ ವಿದ್ಯೆ ಮಗಳಿಗೂ ಹೇಳ್ಕೊಟ್ಟೆ."

ನನಗೂ ನಗು ಬಂತು. ಬೈಸಿಕೊಂಡು, ಕೈ ಸುಟ್ಟುಕೊಂಡು, ಅಪ್ಪನ ಕೋವಿಯನ್ನೂ ನನ್ನ ಮಾನವನ್ನೂ ಕಾಪಾಡಿದ ಪುಣ್ಯಾತ್ಗಿತ್ತಿ ಇವಳು.

ಸೋಮವಾರ ಪೇಟೆಗೆ ಹೋದೆ. ಡೆಲ್ಮರ್ ಅಂಗಡಿಗಲ್ಲ, ಕೈಗವಸು ತರಲು. ಇದ್ದುದರಲ್ಲೇ ದಪ್ಪನೆಯದನ್ನು ತಂದು, "ತಗೋ, ಇದು ನಿನಗೇ ಕಣೇ," ಎಂದೆ.

ಮಾರ್ಲಿಸ್ ಅದನ್ನು ಒತ್ತಿ ಒತ್ತಿ ನೋಡಿ ಮುಖ ಅರಳಿಸಿದಳು. "ಹುಂಜಕ್ಕಿಂತ ಇದೇ ಮೆತ್ತಗಿದೆ ರೀ. ಎಲ್ಲಿ, ಕೋಟು ಕೊಡಿ ಇಲ್ಲಿ!"