ನಳದ ಮುಂದೆ ಓಡಿದ ದಿನಗಳು

ಮನುಷ್ಯ ಓಡುವುದಕ್ಕೆ ತಕ್ಕ ಕಾರಣವಿರಬೇಕು ಎಂದು ನಂಬಿದವನು ನಾನು. ಬಸ್ಸು ಹೊರಟಿರಬೇಕು, ಇಲ್ಲವೇ ನಾಯಿ ಬೆನ್ನು ಹತ್ತಿರಬೇಕು. ಇವೆರಡೂ ಇಲ್ಲದೆ ನಸುಕಿನಲ್ಲೇ ಎದ್ದು, ಎಲ್ಲಿಂದ ಹೊರಟರೋ ಅಲ್ಲಿಗೇ ಓಡಿ ಬಂದು ನಿಲ್ಲುವವರನ್ನು ಕಂಡರೆ ನನಗೆ ನಲವತ್ತನಾಲ್ಕು ವರ್ಷ ಮರುಕವೇ ಬರುತ್ತಿತ್ತು. ಅಂಥ ನಾನು ಇಪ್ಪತ್ತೊಂದು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟೆನೆಂದರೆ ಅದಕ್ಕೆ ಕಾಲು ಕಾರಣವಲ್ಲ, ಬಾಯಿ ಕಾರಣ.

ಹೈದರಾಬಾದಿನಲ್ಲಿ ಆಗ ಸಾಫ್ಟ್‌ವೇರಿನ ಸುಗ್ಗಿ. ಮಣಿಕೊಂಡದಲ್ಲಿ ಇವತ್ತು ಕಂಡ ಬಂಡೆ ಮುಂದಿನ ವಾರ ಇರುತ್ತಿರಲಿಲ್ಲ. ಆ ಜಾಗದಲ್ಲೊಂದು ಅಪಾರ್ಟ್‌ಮೆಂಟಿನ ಬೋರ್ಡು ನಿಂತಿರುತ್ತಿತ್ತು. ಕಂಪನಿಯಲ್ಲಿ ನನ್ನದು ಟೆಸ್ಟಿಂಗ್ ವಿಭಾಗ. ಹುಡುಗರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ತೋರಿಸುವುದೇ ನನ್ನ ಹೊಟ್ಟೆಪಾಡು. ನಮ್ಮ ಹೊಸ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ಮಕ್ಕಳಿಗೆ ಹಗಲು ಹೊತ್ತು ಇರಲು ಒಂದು ಕೋಣೆ ಬೇಕು, ಅದಕ್ಕಾಗಿ ಸಹಾಯಾರ್ಥ ಮ್ಯಾರಥಾನಿನಲ್ಲಿ ಓಡೋಣ ಎಂದು ಮೀಟಿಂಗಿನಲ್ಲಿ ಮಾತು ಬಂತು. ನಿಯಮ ಸರಳ. ಐದು ಜನ ಅರ್ಧ ಮ್ಯಾರಥಾನ್ ಓಡಬೇಕು. ಐವರೂ ಕೊನೆಯ ಗೆರೆ ದಾಟಿದರೆ ಕಂಪನಿ ಕೋಣೆ ಕಟ್ಟಿಸಿಕೊಡುತ್ತದೆ. ಒಬ್ಬ ಕೈಕೊಟ್ಟರೂ ಇಲ್ಲ. ಸುಮ್ಮನಿರಲಾರದೆ ನಾನು ಇದರಲ್ಲೂ ತಪ್ಪು ಹುಡುಕಿದೆ. "ಐವರೂ ಎಳೆಯರೇ ಆದರೆ ಇದೇನು ಪರೀಕ್ಷೆ? ಒಬ್ಬರಾದರೂ ನಲವತ್ತು ದಾಟಿದವರು ಇರಬೇಕು" ಎಂದೆ. ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಆ ಮೀಟಿಂಗಿನಲ್ಲಿ ನಲವತ್ತು ದಾಟಿದವನು ನಾನೊಬ್ಬನೇ ಎಂಬುದು ಆಮೇಲೆ ಹೊಳೆಯಿತು.

"ಅರ್ಧ ಅಂದ್ರ ಅರ್ಧಕ್ಕ ಬಿಟ್ಟ ಬರೋದೇನ್ರಿ? ಹಂಗಿದ್ರ ನಿಮಗ ರೂಢಿ ಐತಿ ಬಿಡ್ರಿ" ಎಂದಳು ನನ್ನ ಹೆಂಡತಿ ಸುಮಂಗಲಾ. ಆಕೆಯ ಕಣ್ಣು ನಾನು ಕಲಿಯಲೆಂದು ತಂದು ಅಟ್ಟಕ್ಕೇರಿಸಿದ ಹಾರ್ಮೋನಿಯಂ ಕಡೆಗಿತ್ತು. ಆದರೂ ಸುಲ್ತಾನ್ ಬಜಾರಿಗೆ ಹೋಗಿ ಒಂದು ಟ್ರ್ಯಾಕ್ ಪ್ಯಾಂಟು ತಂದಳು. ಅದು ತೊಡೆಯಿಂದ ಮೇಲೆ ಏರಲೊಲ್ಲದು. "ಹೆಂಗೂ ಸಣ್ಣ ಆಗ್ತೀರಲ್ಲ, ಅದಕ್ಕ ಬಿಗಿ ತಂದೀನಿ" ಅಂದಳು. ನನ್ನ ಮೇಲೆ ಅಷ್ಟು ವಿಶ್ವಾಸವನ್ನು ಆಕೆ ಹಿಂದೆಂದೂ ತೋರಿಸಿದವಳಲ್ಲ. ಉಸಿರು ಬಿಗಿಹಿಡಿದು ಹಾಕಿಕೊಂಡೆ.

ಮೊದಲ ದಿನ ಬೆಳಿಗ್ಗೆ ಹೊಸ ಕಟ್ಟಡದ ದಾರಿ ಹಿಡಿದೆ. ಅಲ್ಲಿ ಕೂಲಿಗಳ ತಗಡಿನ ಶೆಡ್ಡುಗಳು, ಮುಂದೊಂದು ನಳ, ನಳದ ಮುಂದೆ ಕೊಡ ಹಿಡಿದ ಹೆಂಗಸರ ಸಾಲು. ಅಷ್ಟರಲ್ಲಿ ಒಂದು ನಾಯಿ ನನಗೆ ತಕ್ಕ ಕಾರಣ ಒದಗಿಸಿತು. ಓಡಿದ ರಭಸಕ್ಕೆ ಉಸುಕಿನ ಗುಡ್ಡೆಗೆ ಎಡವಿ, ಬಾಯಿಗೆ ಬಂದದ್ದನ್ನು ಕೂಗುತ್ತ ಬಿದ್ದೆ. ಹೆಂಗಸರು ಓಡಿಬಂದರು. ಮಾನ ಉಳಿಸಿಕೊಳ್ಳಲು ಮೈ ಕೊಡವಿಕೊಂಡು, ದೊಡ್ಡ ಸಾಹೇಬನ ಗತ್ತಿನಲ್ಲಿ "ಕುಛ್ ನಹೀ, ಕುಛ್ ನಹೀ" ಎಂದೆ. ಅವರಲ್ಲಿ ಒಬ್ಬ ಮುದುಕಿ ಉಳಿದವರ ಕಡೆ ತಿರುಗಿ ಹೇಳಿದಳು: "ಪಾಪ, ಇಂವಗ ಮನ್ಯಾಗ ಏನ ತ್ರಾಸ ಐತೋ ಏನೋ, ಮುಂಜಾನೆದ್ದು ಓಡಿ ಹೊಂಟಾನ."

ಅಚ್ಚ ಯಾದಗಿರಿಯ ಕನ್ನಡ! ನನ್ನ ತಂದೆ ಸರ್ಕಾರಿ ನೌಕರಿಗೆಂದು ರಾಯಚೂರಿನಿಂದ ಬಂದವರು. ನಮ್ಮ ಮನೆಮಾತೂ ಅದೇ. ಆದರೆ ನಮ್ಮಂಥ ಮನೆಗಳಲ್ಲಿ ಚಪ್ಪಲಿ ಮೆಟ್ಟುವಾಗಲೇ ಭಾಷೆಯೂ ಬದಲಾಗುತ್ತದೆ. ಮನೆಯೊಳಗೆ ಕನ್ನಡ, ಹೊರಗೆ ತೆಲುಗು ಇಲ್ಲವೇ ಹಿಂದಿ. ಹಿಂದಿ ಆಡಿ ಆಗಿತ್ತು. ಈಗ ಕನ್ನಡದವನು ಎಂದರೆ ಅವರಿಗೂ ನಾಚಿಕೆ, ನನಗೂ ನಾಚಿಕೆ. ತಿಳಿಯದವನಂತೆ ಮುಂದೆ ಹೋದೆ.

ಮರುದಿನದಿಂದ ನನ್ನ ಓಟದ ವಿಮರ್ಶೆ ನಳದ ಮುಂದೆ ರಾಜಾರೋಷವಾಗಿ ನಡೆಯತೊಡಗಿತು. ಆ ಮುದುಕಿಯ ಹೆಸರು ಸಿದ್ದಮ್ಮ. ತಾಯಂದಿರು ಇಟ್ಟಿಗೆ ಹೊರಲು ಹೋದಾಗ ಕೂಸುಗಳನ್ನು ನೋಡಿಕೊಳ್ಳುವವಳು. "ಕೈ ನೋಡ ಬೇ, ರೊಟ್ಟಿ ಬಡದಂಗ ಬಡಿಯಾಕತ್ತಾನ" ಎಂದಳು ಒಂದು ದಿನ. ಮರುದಿನ ಕೈ ಅಂಕೆಯಲ್ಲಿಟ್ಟೆ. "ಹೊಟ್ಟಿ ತುಂಬ ತಿಂದ ಬಂದಾನ, ಅದಕ್ಕ ತೇಕಾಕತ್ತಾನ" ಎಂದಳು. ನಿಜವಾಗಿಯೂ ನಾಲ್ಕು ಇಡ್ಲಿ ಇಳಿಸಿ ಹೋಗಿದ್ದೆ, ಬಿಟ್ಟೆ. ಆಫೀಸಿನಲ್ಲಿ ಎಲ್ಲರೂ "ಸೂಪರ್ ಸಾರ್" ಎನ್ನುವವರೇ. ಬೇರೆಯವರ ತಪ್ಪು ಹುಡುಕುತ್ತ ಇಪ್ಪತ್ತು ವರ್ಷ ಕಳೆದ ನನಗೆ, ನನ್ನ ತಪ್ಪು ಹೇಳುವವರು ಸಿಕ್ಕಿದ್ದು ಅದೇ ಮೊದಲು. ಕನ್ನಡ ಬರುತ್ತದೆ ಎಂದರೆ ಎಲ್ಲಿ ಮಾತು ನಿಲ್ಲಿಸುತ್ತಾರೋ ಎಂಬ ಭಯಕ್ಕೆ ಇನ್ನಷ್ಟು ಗಟ್ಟಿಯಾಗಿ ಹಿಂದಿಯಲ್ಲೇ ದಾರಿ ಬಿಡಿಸಿಕೊಂಡು ಓಡಿದೆ.

ಒಂದು ಬೆಳಿಗ್ಗೆ ನೀರಿನ ಟ್ಯಾಂಕರು ಹಿಂದಕ್ಕೆ ಬರುತ್ತಿತ್ತು. ಅದರ ಹಿಂದೆ, ಇಟ್ಟಿಗೆ ರಾಶಿಯ ನೆರಳಲ್ಲಿ ಒಂದು ಕೂಸು ಮಲಗಿತ್ತು. ಸಿದ್ದಮ್ಮ ಚೀರಿ ಹಾರಿಹೋಗಿ ಅದನ್ನು ಎತ್ತಿಕೊಂಡಳು. ಕೂಸಿಗೆ ಎಚ್ಚರವೂ ಆಗಲಿಲ್ಲ. ಅದರ ರೆಪ್ಪೆಯ ಮೇಲೆ ಸಿಮೆಂಟಿನ ಬೂದಿ ಕೂತಿತ್ತು. ನಾನು ತಮಾಷೆಯೆಂದು ತಿಳಿದಿದ್ದ ಆ ಕೋಣೆ ಯಾಕೆ ಬೇಕು ಎಂಬುದು ಅವತ್ತು ತಿಳಿಯಿತು. ಆಮೇಲೆ ಒಂದು ದಿನವೂ ಓಟ ತಪ್ಪಿಸಲಿಲ್ಲ.

ಓಟದ ದಿನ ಉಳಿದ ನಾಲ್ವರು ಹುಡುಗರು ಹರಿಣಗಳ ಹಾಗೆ ಮಾಯವಾದರು. ನಾನು ನನ್ನ ಪಾಡಿಗೆ ಫ್ಲೈಓವರು ಹತ್ತಿ ಇಳಿದು, ಹದಿನೇಳನೆಯ ಕಿಲೋಮೀಟರಿಗೆ ಬಂದಾಗ ಮೀನಖಂಡ ಹಿಡಿದುಕೊಂಡು ರಸ್ತೆಯ ಅಂಚಿಗೆ ಕುಸಿದು ಕೂತೆ. ಕೂತದ್ದು ಎಲ್ಲಿ? ಫೋಟೋಕ್ಕೆ ಚೆನ್ನಾಗಿರುತ್ತದೆಂದು ಕಂಪನಿಯವರು ಸಿದ್ದಮ್ಮನನ್ನೂ ಮಕ್ಕಳನ್ನೂ ಬಾವುಟ ಕೊಟ್ಟು ನಿಲ್ಲಿಸಿದ್ದ ಜಾಗದಲ್ಲೇ. ಐವರೂ ಮುಟ್ಟಿದರೆ ಕೋಣೆ ಎಂಬುದು ಅಷ್ಟರಲ್ಲಿ ಅವರಿಗೂ ತಿಳಿದಿತ್ತು. ಸಿದ್ದಮ್ಮ ನನ್ನನ್ನು ನೋಡಿ ನಿಟ್ಟುಸಿರಿಟ್ಟಳು. "ಇವನಿಂದ ಆಗಂಗಿಲ್ಲ. ಕೋಣಿ ಹೋತು ಬಿಡ್ರವಾ."

ತಡೆಯಲಾಗಲಿಲ್ಲ. "ಆಗ್ತೈತಿ ಯವ್ವಾ, ಸ್ವಲ್ಪ ತಡೀರಿ!" ಎಂದುಬಿಟ್ಟೆ. ಆಕೆ ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದೆ. ಆಕೆ ಬಾಯ ತುಂಬ ನಕ್ಕಳು.

"ಇವತ್ತರ ಬಾಯಿ ಬಿಟ್ರಲ್ರಿ ಸಾಹೇಬ್ರ! ನೀವು ಕನ್ನಡದವರಂತ ಮೊದಲ ದಿನಾನ ಗೊತ್ತಾಗಿತ್ತ. ಬಿದ್ದಾಗ ‘ಯವ್ವಾ, ಸತ್ತೆನ್ ಬೇ’ ಅಂತ ಚೀರಿದ್ರಲ್ಲ. ಬಿದ್ದಾಗ ಯಾರರೆ ಹಿಂದಿಯೊಳಗ ಅಳ್ತಾರೇನ್ರಿ?"

"ಗೊತ್ತಿದ್ದೂ ನನ್ನ ಮುಂದನ ಹಂಗ ಅಂದ್ರಿ?"

"ನಿಮಗ ಕೇಳಲಿ ಅಂತನ ಅಂದಿದ್ದು. ಮುಖಕ್ಕ ಹೇಳಿದ್ರ ದೊಡ್ಡವರಿಗೆ ಸಿಟ್ಟ ಬರ್ತೈತಿ. ನೀವು ತಿಳೀಲಾರ್ದವರಂಗ ಇದ್ರಿ, ನಮಗೂ ಛಲೋ ಆತು. ಈಗ ಏಳ್ರಿ, ನಾಯಿ ಬಂತ ಅಂತ ತಿಳಕೊಂಡ ಓಡ್ರಿ."

ಎದ್ದೆ. ಕುಂಟುತ್ತ, ನಡೆಯುತ್ತ, ಮಧ್ಯೆ ಮಧ್ಯೆ ಓಡಿದಂತೆ ನಟಿಸುತ್ತ ಗೆರೆ ದಾಟಿದೆ. ಆಗ ಸ್ವಯಂಸೇವಕರು ಕುರ್ಚಿ ಮಡಚುತ್ತಿದ್ದರು. ಹೆಂಡತಿ ಮಾತ್ರ ನಿಂತಿದ್ದಳು. ಒಂದು ಕೆಲಸವನ್ನಾದರೂ ನಾನು ಪೂರ್ತಿ ಮಾಡಿದ್ದು ನೋಡಿ ಆಕೆಯ ಕಣ್ಣು ತುಂಬಿತ್ತು. ಅಥವಾ ಪ್ಯಾಂಟು ಹೊಲಿಗೆ ಬಿಟ್ಟಿದ್ದನ್ನು ನೋಡಿಯೂ ಇರಬಹುದು.

ಕೋಣೆ ಆಯಿತು. ನೀಲಿ ಬಾಗಿಲು, ಒಂದು ಫ್ಯಾನು, ಗೋಡೆಯುದ್ದಕ್ಕೂ ಜೋಲಿಗಳು. ಕಟ್ಟಡ ಇನ್ನೂ ಮುಗಿದಿಲ್ಲ. ನಾನು ಈಗಲೂ ಆಗೀಗ ಆ ಕಡೆ ಓಡುತ್ತೇನೆ, ಕನ್ನಡದಲ್ಲೇ ಮಾತಾಡಿಸುತ್ತೇನೆ. ಆದರೆ ಗುಟ್ಟು ರಟ್ಟಾದ ಮೇಲೆ ಸಿದ್ದಮ್ಮ ಬದಲಾಗಿದ್ದಾಳೆ. ಮೊನ್ನೆ ಆರು ವಾರದ ಸೋಮಾರಿತನ ಹೊತ್ತು ತೇಕುತ್ತ ಹೋದವನನ್ನು ಕಂಡು, "ಭಾಳ ಛಲೋ ಓಡಾಕತ್ತೀರಿ ಸಾಹೇಬ್ರ" ಎಂದಳು. ಎದೆಯುಬ್ಬಿಸಿ ನಳ ದಾಟಿದೆ. ಹಿಂದಿನಿಂದ ಆಕೆ ಯಾರಿಗೋ ಏನೋ ಹೇಳಿದಳು, ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆಕೆ ಹೇಳಿದ್ದು ಪಕ್ಕದ ಶೆಡ್ಡಿನವರ ಮರಾಠಿಯಲ್ಲಿ. ನನಗೆ ಬಾರದ ಭಾಷೆಯನ್ನು ಹುಡುಕಿ ತಂದಿದ್ದಾಳೆ.