ಹೊಲಿಗಿ ಇಲ್ಲದ ಅಂಗಿ

ನಾ ಇಳಕಲ್ಲಿನ ಒಂದು ಸಣ್ಣ ಚರ್ಚಿನ ಪಾದ್ರಿ. ಮೂರು ವರ್ಷ ಬೈಬಲ್ ಓದಿ, ಪರೀಕ್ಷೆ ಪಾಸಾಗಿ ಬಂದೇನಿ. ಆ ಪರೀಕ್ಷೆದಾಗ ಕೇಳಿದ ಪ್ರಶ್ನೆ ಈ ಊರಾಗ ಇವತ್ತಿನತನಕ ಒಮ್ಮೆ ಬಿಟ್ರ ಯಾರೂ ಕೇಳಿಲ್ಲ. ಇಲ್ಲಿ ಕೇಳೂವು ಬ್ಯಾರೆನ ಇರ್ತಾವ. ಮೊನ್ನೆ ಬಾದಾಮಿ ಬಸ್ಸಿನ್ಯಾಗ, ಯೇಸುಸ್ವಾಮಿ ಐದು ರೊಟ್ಟಿ, ಎರಡು ಮೀನದಾಗ ಐದು ಸಾವಿರ ಮಂದಿಗೆ ಉಣಿಸಿದ ಕಥಿ ಹೇಳಿದ್ನಿ. ಕಂಡಕ್ಟರ್ ನಿಂತು ಕೇಳಿದ: "ಅದೆಲ್ಲಾ ಖರೆ ಇರಬಹುದು ಬಿಡ್ರಿ. ಮೀನ ತಿನ್ನದವರಿಗೆ ಪಲ್ಯಾ ಏನಿತ್ತು?" ಹುನಗುಂದ ದಾಟಿ ಅಮೀನಗಡ ಬರೂತನಕ ಬೈಬಲ್ ತಿರುವಿ ಹಾಕಿದ್ನಿ, ಪಲ್ಯಾ ಸಿಗಲಿಲ್ಲ.

ಆದ್ರ ನನ್ನ ದೊಡ್ಡ ಪರೀಕ್ಷಕಿ ಅಂದ್ರ ಬಾಜೂ ಮನಿ ಅಜ್ಜಿ. ನೇಕಾರ ಮನೆತನ, ಇಬ್ಬರು ಗಂಡುಮಕ್ಕಳು. ದೊಡ್ಡಾಂವ ಕೈಮಗ್ಗ ಬಿಡಲಿಲ್ಲ, ಸಣ್ಣಾಂವ ಪವರ್‌ಲೂಮ್ ತಂದ. "ಇದು ನೇಗಿ ಅಲ್ಲ, ಗಿರಣಿ" ಅಂದ ದೊಡ್ಡಾಂವ. ಅಷ್ಟಕ್ಕ ಮೂರು ವರ್ಷ ಆತು, ಒಂದ ಮನ್ಯಾಗ ಇದ್ದು ಅಣ್ಣತಮ್ಮರ ನಡುವ ಮಾತಿಲ್ಲ. "ಕಣ್ಣ ಮುಚ್ಚೂದ್ರಾಗ ಒಮ್ಮೆ ಅವು ಮಾತಾಡಿದ್ದು ಕೇಳಿದ್ರ ಸಾಕು ಪಾದ್ರಪ್ಪಾ" ಅಂತ ಅಜ್ಜಿ ಸೆರಗಿಲೆ ಕಣ್ಣೊರಸ್ಕೊಂತಿದ್ಲು. ನನಗೂ ಭಾಳ ಸಂಕಟ ಆಗ್ತಿತ್ತು.

೧. ಹವ್ವಮ್ಮನ ತವರುಮನಿ

"ಆ ಆದಾಮನ ಮಗ ಕಾಯಿನ, ಯಾರನ್ನ ಲಗ್ನ ಆದ? ಸೋದರಮಾವನ ಮಗಳನ್ನೇನು?" ಅಂತ ಒಂದಿನ ಅಜ್ಜಿ ಕೇಳಿದ್ಲು.

"ಸೋದರಮಾವ ಎಲ್ಲಿಂದ ಬರಬೇಕಜ್ಜಿ? ಅವರವ್ವ ಹವ್ವಳನ್ನ ದೇವರು ಗಂಡನ ಪಕ್ಕೆಲುಬಿನಿಂದ ಮಾಡಿದ. ಅಕಿಗೆ ಅವ್ವಿಲ್ಲ, ಅಪ್ಪಿಲ್ಲ, ಅಣ್ಣತಮ್ಮರಿಲ್ಲ."

ಅಜ್ಜಿ ಗಲ್ಲದ ಮ್ಯಾಲ ಕೈ ಇಟ್ಲು. "ತವರುಮನಿನ ಇಲ್ಲಾ? ಹಂಗಾರ ಪಂಚಮಿಗೆ ಎಲ್ಲಿ ಹೋಗ್ತಿದ್ಲು?"

ನಾ ಮಾತು ತಿರುಗಿಸಿ, ಹವ್ವ ಹಾವಿನ ಮಾತು ಕೇಳಿ ದೇವರು ಬ್ಯಾಡಂದ ಹಣ್ಣು ತಿಂದದ್ದು ಹೇಳಿದ್ನಿ.

"ಮತ್ತ! ಮಾತಾಡಸವರಿಲ್ಲದಾಕಿ. ಹಾವರ ಬಂದು ಮಾತಾಡಿಸ್ತು, ಕೇಳಿದ್ಲು. ಅಕಿದೇನ ತಪ್ಪು?"

ಕಾಯಿನ ಸಿಟ್ಟಿಗೆದ್ದು ಸ್ವಂತ ತಮ್ಮನ್ನ ಕೊಂದ ಅಂತ ಹೇಳಿದಾಗ ಅಜ್ಜಿ ಎದಿ ಹಿಡ್ಕೊಂಡ್ಲು. ಆಮ್ಯಾಲ ಸಮಾಧಾನಲೆ ಅಂದ್ಲು: "ಅಯ್ಯ ಶಿವನ! ನನ್ನವು ಎಷ್ಟೋ ಪಾಡ ಬಿಡಪಾ. ಬರೇ ಮಾತು ಬಿಟ್ಟಾವ."

೨. ನಡುವಿನವರ ಪಾಡು

"ದೇವರಿಗೆ ಎಲ್ಲಾ ಕೇಳಸ್ತೈತಿ ಅಂತೀರಿ. ಮತ್ತ ನಡುವ ಯೇಸುಸ್ವಾಮಿ ಮಧ್ಯಸ್ಥ ಯಾಕ ಬೇಕು?" ಅಂತ ಇನ್ನೊಂದಿನ ಅಜ್ಜಿ ತಮ್ಮ ಮನಿ ಕಟ್ಟಿ ಮ್ಯಾಲ ಕುಂತು ಕೇಳಿದ್ಲು.

ಅಬ್ಬಾ, ಇದು ನಾ ಓದಿದ ಪ್ರಶ್ನೆ! ಖುಷಿಲೆ ಗಂಟಲಾ ಸರಿ ಮಾಡ್ಕೊಂಡ್ನಿ. ಅಷ್ಟರಾಗ ಒಳಗಿಂದ ದೊಡ್ಡ ಮಗ ಕೂಗಿದ: "ಅವ್ವಾ, ನೀರಿನ ಮೋಟರ್ ಬಂದ್ ಮಾಡಂತ ಹೇಳು ಅವಂಗ!"

ಸಣ್ಣ ಮಗ ಅಣ್ಣನ ಬಾಜೂಕ ನಿಂತಿದ್ದ. "ಅವ್ವಾ, ಯಾವಾಗೋ ಮಾಡೇನಂತ ಹೇಳು!"

"ಮಾಡ್ಯಾನಂತಪೋ!" ಅಂತ ಒದರಿ ಅಜ್ಜಿ ನನ್ನ ಕಡೆ ತಿರುಗಿದ್ಲು. "ಇರಲಿ ಬಿಡು ಪಾದ್ರಪ್ಪಾ, ತಿಳೀತು. ಪಾಪ, ಆ ಯೇಸುಸ್ವಾಮಿ ಗಂಟಲಾನೂ ಹರದಿರಬೇಕು."

೩. ಅಂಗಿ

ಈ ವರ್ಷ ಗುಡ್ ಫ್ರೈಡೇ ದಿನ, ನಾ ಕರೆದದ್ದಕ್ಕ, ಅಜ್ಜಿ ಇಬ್ಬರೂ ಮಕ್ಕಳನ್ನ ಕರಕೊಂಡು ಚರ್ಚಿಗೆ ಬಂದ್ಲು. ಅವರು ಒಂದ ಬೆಂಚಿನ ಆ ತುದಿಗೊಬ್ಬ, ಈ ತುದಿಗೊಬ್ಬ ಕುಂತ್ರು. ನಾ ಶಿಲುಬೆ ಕಥಿ ಹೇಳ್ಕೊಂತ ಬಂದು, ಸಿಪಾಯಿಗಳು ಯೇಸುಸ್ವಾಮಿ ಅಂಗಿ ಹರದು ಹಂಚ್ಕೊಳ್ಳಲಿಲ್ಲ, ಯಾರಿಗೆ ಬರ್ತೈತಂತ ಚೀಟಿ ಹಾಕಿದ್ರು, ಯಾಕಂದ್ರ ಅದಕ್ಕ ಹೊಲಿಗಿನ ಇರಲಿಲ್ಲ, ಮ್ಯಾಲಿಂದ ಕೆಳಗಿನತನಕ ಒಂದ ನೇಗಿ ಅಂದ್ನಿ.

ದೊಡ್ಡಾಂವ ಎದ್ದು ನಿಂತ. "ತಡೀರಿ. ಹೊಲಿಗಿ ಇಲ್ಲದ ಅಂಗಿ ಮಗ್ಗದಾಗ ಹೆಂಗ ಬರ್ತೈತ್ರಿ?"

ನನಗೇನು ಗೊತ್ತು? ಆ ತುದಿಯಿಂದ ಸಣ್ಣಾಂವ ಮ್ಯಾಲ ಛಾವಣಿ ನೋಡ್ಕೊಂತ ಅಂದ: "ಪಾದ್ರಿಗೋಳ, ಅವರಿಗೆ ಹೇಳ್ರಿ. ಹಾಸಿನ ಎಳಿ ಎರಡು ಪದರ ಹಾಕಿ, ಲಾಳಿ ಒಂದ್ಸಲ ಮ್ಯಾಲ, ಒಂದ್ಸಲ ಕೆಳಗ ಹೊಡೆದ್ರ ಕೊಳವಿಯಂಗ ಬರ್ತೈತಿ."

"ತೋಳು ಹೆಂಗ ಬರ್ತಾವ ಕೇಳ್ರಿ ಅವಂಗ!"

ನಾ ಈ ಕಡೆ ಹೊಳ್ಳಿ ಹೇಳಿದ್ನಿ, ಆ ಕಡೆ ಹೊಳ್ಳಿ ಕೇಳಿದ್ನಿ. ಪ್ರವಚನ ಎಲ್ಲಿಗೆ ನಿಂತಿತ್ತಂತನ ಮರ್ತುಹೋತು. ಕಡೀಕ ದೊಡ್ಡಾಂವ ತಡೀಲಾರದ ಒದರಿದ: "ಲೇ, ನಿನ್ನ ಗಿರಣ್ಯಾಗ ಆಗೂದಲ್ಲಲೇ ಅದು!"

"ಹಂಗಾರ ನಿನ್ನ ಮಗ್ಗದಾಗ ಮಾಡಿ ತೋರಸಣ್ಣಾ!"

ಹೆಣ್ಣುಮಕ್ಕಳ ಸಾಲಿನಿಂದ ಅಜ್ಜಿ ದನಿ: "ಮಾತಾಡಿದ್ವು! ಪಾದ್ರಪ್ಪಾ, ಮಾತಾಡಿದ್ವು!" ಅಕಿ ಅತ್ಲು. ಸುಳ್ಳ್ಯಾಕ ಹೇಳ್ಲಿ, ನಾನೂ ಅತ್ನಿ. ಅಣ್ಣತಮ್ಮರು ಜಗಳಾಡ್ಕೊಂತ ಮನಿಗೆ ಹೋಗಿಬಿಟ್ರು.

ಎರಡು ದಿನ ಇಬ್ಬರೂ ಕೂಡಿ ಕೈಮಗ್ಗ ಬಿಟ್ಟು ಏಳಲಿಲ್ಲ. ಈಸ್ಟರ್ ಮುಂಜಾನೆ ಕೂಸಿನ ಅಳತಿದೊಂದು ಕೆಂಪು ಅಂಗಿ ತಂದ್ರು. ತೋಳಿಲ್ಲ, ಇಳಕಲ್ ದಡಿ ಐತಿ, ಹುಡುಕಿದ್ರೂ ಒಂದು ಹೊಲಿಗಿ ಇಲ್ಲ. ನಾ ಹೊಳ್ಳಿಸಿ ಹೊಳ್ಳಿಸಿ ನೋಡಿ ಕೇಳಿದ್ನಿ: "ತಲಿ ಎಲ್ಲಿ ತೂರಸಬೇಕ್ರಿ?"

ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ರು.

"ಕುತಿಗಿಗೆ ಜಾಗಾ ನೀ ಬಿಡ್ತಿ ಅಂತ ನಾ ಸುಮ್ಮನಿದ್ನೆಲೇ!"

"ನೀ ಹಿರ್‍ಯಾಂವ, ನೀ ಬಿಡ್ತಿ ಅಂತ ನಾ ಸುಮ್ಮನಿದ್ನಿ!"

"ಹೋಗ್ಲಿ ಬಿಡ್ರಿ, ಸ್ವಲ್ಪ ಕತ್ತರಸೂಣು" ಅಂತ ನಾ ಕತ್ರಿ ತಗೊಂಡ್ನಿ. ಇಬ್ಬರೂ ಕೂಡೇ ನನ್ನ ಕೈ ಹಿಡಿದ್ರು: "ಸಿಪಾಯಿಗಳ ಹರೀಲಿಲ್ಲ, ಪಾದ್ರಿಯಾಗಿ ನೀವು ಹರೀತೀರೇನ್ರಿ?"

ಅಜ್ಜಿ ಅದನ್ನ ಕಸ್ಕೊಂಡು ತಲಿಕೆಳಗ ಮಾಡಿ ಎರಡು ಹಿಡಿಕಿ ಹಚ್ಚಿದ್ಲು. ಈಗ ಸಂತಿಗೆ ಅದನ್ನ ಒಯ್ತಾಳ. ಏನಜ್ಜಿ ಇದು ಅಂತ ಕೇಳಿದವರಿಗೆಲ್ಲಾ ಬದನಿಕಾಯಿ ತುಂಬ್ಕೊಂತ ಹೇಳ್ತಾಳ: "ಇದಾ? ಯೇಸುಸ್ವಾಮಿ ಅಂಗಿ. ನನ್ನ ಮಕ್ಕಳು ಇಬ್ಬರೂ ಕೂಡಿ ನೇದಾರ."